ಎಪಿಐಯಿಂದ ಬೇಕಾದಷ್ಟೇ ಡೇಟಾ ತರಿಸುವುದು ಹೇಗೆ?

ಹಾಸನ ಎಪಿಎಂಸಿಯಲ್ಲಿ ಇವತ್ತು ಆಲೂಗಡ್ಡೆ ರೇಟು ಎಷ್ಟು? ಇದನ್ನು ತೋರಿಸುವ ಪುಟ್ಟ ಆ್ಯಪ್ ಮಾಡಲು ಹೊರಟಿದ್ದೀರಿ ಎನ್ನಿ. ಕೇಂದ್ರ ಸರ್ಕಾರದ ಡೇಟಾ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಮಾರುಕಟ್ಟೆಗಳ ದಿನದ ದರ ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರಿಂದ ಡೇಟಾ ಕೇಳಿ ಪಡೆಯುವ ದಾರಿ) ಮೂಲಕ ಸಿಗುತ್ತದೆ. ನೋಂದಾಯಿಸಿಕೊಂಡರೆ ಕೀ, ಅಂದರೆ ಅದನ್ನು ಬಳಸಲು ಬೇಕಾದ ಗುಪ್ತ ಸಂಕೇತ, ಕೊಡುತ್ತಾರೆ. ಆದರೆ ನಾಲ್ಕು ಸಾಲಿಗೋಸ್ಕರ ದೇಶದ ಪಟ್ಟಿಯನ್ನೆಲ್ಲ ಇಳಿಸಿಕೊಳ್ಳುವುದು ಯಾಕೆ? ಸಕಲೇಶಪುರದ ಆಚೆ ಎಸ್ಟೇಟಿನಲ್ಲಿ ಸಿಗ್ನಲ್ ಒಂದೇ ಕಡ್ಡಿ ಇರುವಾಗ ಅದು ಇಳಿಯುವುದೂ ಇಲ್ಲ. ಸರ್ವರ್‌ನಲ್ಲೇ ಸೋಸಿ ಕಳಿಸು ಎಂದು ಹೇಳಲು ಇರುವುದೇ ಕ್ವೆರಿ ಪ್ಯಾರಾಮೀಟರ್.

ಮೊದಲು ಎಪಿಐ ವಿಳಾಸದ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ. ಅದರ ಮುಂದೆ ಕಾಲಂ ಹೆಸರು, ಸಮ ಚಿಹ್ನೆ, ಬೇಕಾದ ಮೌಲ್ಯ. ಇನ್ನೊಂದು ಷರತ್ತು ಸೇರಿಸಲು ನಡುವೆ & ಹಾಕಿ:

/ದರ?ಜಿಲ್ಲೆ=ಹಾಸನ&ಬೆಳೆ=ಆಲೂಗಡ್ಡೆ

ಓದಲು ಸುಲಭವಾಗಲಿ ಎಂದು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ನಿಜದಲ್ಲಿ ಈ ಹೆಸರುಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ. ಒಂದೊಂದು ಎಪಿಐ ಒಂದೊಂದು ಥರ, ಅದರ ಕೈಪಿಡಿ ನೋಡಲೇಬೇಕು. ಮೌಲ್ಯದ ನಡುವೆ ಖಾಲಿ ಜಾಗ ಬಂದರೆ %20, & ಬಂದರೆ %26 ಆಗಬೇಕು. ಇದನ್ನು ಕೈಯಾರೆ ಮಾಡಬೇಡಿ. ಪೈಥಾನ್, ಜಾವಾಸ್ಕ್ರಿಪ್ಟ್ ಎರಡರಲ್ಲೂ ಅದಕ್ಕೆಂದೇ ಫಂಕ್ಷನ್ ಇದೆ.

ಜಾಸ್ತಿ ಜನ ಎಡವುವುದು ಸ್ಪೆಲಿಂಗ್‌ನಲ್ಲಿ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಸ್ಪೆಲಿಂಗ್ ಬದಲಾಯಿತು. ಹಾಸನ ಉಳಿದುಕೊಂಡಿತು, ಚಿಕ್ಕಮಗಳೂರು ಬದಲಾಯಿತು. ಹಳೆಯ ಪಟ್ಟಿಗಳಲ್ಲಿ 'ಚಿಕ್‌ಮಗಳೂರ್' ಹಾಗೇ ಇರಬಹುದು. ಅಕ್ಷರಕ್ಕೆ ಅಕ್ಷರ ಹೋಲಿಸುವ ಎಪಿಐಗೆ ಹೊಸ ಸ್ಪೆಲಿಂಗ್ ಕೊಟ್ಟರೆ ಖಾಲಿ ಪಟ್ಟಿ ಬರುತ್ತದೆ. ಎರರ್ ಇಲ್ಲ, ಸ್ಟೇಟಸ್ ಕೂಡ 200, ಅಂದರೆ ಎಲ್ಲ ಸರಿ ಎಂಬ ಸಂಕೇತ! ಆ ಜಿಲ್ಲೆಯಲ್ಲಿ ಮಾಲೇ ಬಂದಿಲ್ಲ ಅಂದುಕೊಳ್ಳುತ್ತೀರಿ, ಅಲ್ವಾ? ಅದಕ್ಕೇ ಮೊದಲು ರಾಜ್ಯದ ಷರತ್ತು ಮಾತ್ರ ಕೊಟ್ಟು ತರಿಸಿ. ಜಿಲ್ಲೆಯ ಹೆಸರು ಅಲ್ಲಿ ಹೇಗಿದೆಯೋ ಹಾಗೇ ಕಾಪಿ ಮಾಡಿಕೊಳ್ಳಿ.

ಪ್ಯಾರಾಮೀಟರ್ ಹೆಸರೇ (ಸಮ ಚಿಹ್ನೆಗೆ ಮುಂಚಿನ ಹೆಸರು) ತಪ್ಪಿದರೆ ಕಥೆ ಉಲ್ಟಾ. ಎಷ್ಟೋ ಎಪಿಐಗಳು ಗೊತ್ತಿಲ್ಲದ ಹೆಸರನ್ನು ಸುಮ್ನೆ ಬಿಟ್ಟುಬಿಡುತ್ತವೆ, ಸೋಸದ ಪಟ್ಟಿಯನ್ನೇ ಕಳಿಸುತ್ತವೆ. ಹಾಸನ ಕೇಳಿದರೆ ಬಿಹಾರದ ಸಾಲು ಬಂತಾ? ಮೊದಲು ಪ್ಯಾರಾಮೀಟರ್ ಹೆಸರು ನೋಡಿ.

ಕೊನೆಗೆ ಲಿಮಿಟ್ ಮತ್ತು ಆಫ್‌ಸೆಟ್. ಲಿಮಿಟ್ ಎಂದರೆ ಒಂದು ಸಲಕ್ಕೆ ಎಷ್ಟು ಸಾಲು, ಆಫ್‌ಸೆಟ್ ಎಂದರೆ ಎಷ್ಟು ಸಾಲು ಬಿಟ್ಟು ಶುರು. ಲಿಮಿಟ್ 50 ಇಟ್ಟರೆ ಆಫ್‌ಸೆಟ್ 0, 50, 100 ಹೀಗೆ ಏರಿಸುತ್ತಾ ಹೋಗಿ, ಸಾಲು 50ಕ್ಕಿಂತ ಕಡಿಮೆ ಬಂದಾಗ ನಿಲ್ಲಿಸಿ. ಕೈಪಿಡಿಯಲ್ಲಿ ಲಿಮಿಟ್‌ಗೆ ಮೇಲ್ಮಿತಿ ಇದ್ದರೆ ಅದನ್ನು ಮೀರಬೇಡಿ.

ಎಪಿಐ ಬರೆಯುವವರು ನೀವೇ ಆಗಿದ್ದರೆ, ಗೊತ್ತಿಲ್ಲದ ಪ್ಯಾರಾಮೀಟರ್ ಬಂದಾಗ ಸ್ಟೇಟಸ್ 400 (ಕೋರಿಕೆ ತಪ್ಪಾಗಿದೆ ಎಂಬ ಸಂಕೇತ) ಕಳಿಸಿ, ಯಾವ ಹೆಸರು ತಪ್ಪು ಅಂತಲೂ ತಿಳಿಸಿ.