ಉಪ್ಪಿನಕಾಯಿಗೆ ಬೂಷ್ಟು ಬಂದಿದೆ ಎಂದು ಫೋನ್ ಬಂದರೆ

"ಅಮ್ಮಾ, ನಿಮ್ಮ ಅಪ್ಪೆಮಿಡಿಗೆ ಬೂಷ್ಟು ಬಂದಿದೆ" ಎಂದು ಶಿವಮೊಗ್ಗದ ಅಂಗಡಿಯವರು ಫೋನ್ ಮಾಡಿದಾಗ, "ಯಾರೋ ಒದ್ದೆ ಚಮಚ ಹಾಕಿರಬೇಕು" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಪುಣ್ಯಕ್ಕೆ ಆಡಲಿಲ್ಲ. ಮುಚ್ಚಳವನ್ನೇ ತೆರೆಯದ ಬಾಟಲಿಗೆ ಯಾರ ಚಮಚ ಹೋಗಬೇಕು?

ಸಾಗರದ ಹತ್ತಿರ ಎಂಟು ಜನ ಹೆಂಗಸರೊಂದಿಗೆ ಅಪ್ಪೆಮಿಡಿಯ, ಅಂದರೆ ಮಲೆನಾಡಿನ ಪರಿಮಳದ ಎಳೆ ಮಾವಿನಕಾಯಿಯ, ಉಪ್ಪಿನಕಾಯಿ ಘಟಕ ನಡೆಸುತ್ತೇನೆ. ನಿಮ್ಮದು ಹಪ್ಪಳವೋ ಬೇಕರಿಯೋ ಇರಬಹುದು, ದೂರು ಬಂದ ಮೊದಲ ಹತ್ತು ನಿಮಿಷ ಎಲ್ಲರಿಗೂ ಒಂದೇ. ಆಗ ಸಮರ್ಥನೆ ಬೇಡ. "ಅದನ್ನು ಯಾರೂ ತಿನ್ನುವುದು ಬೇಡ, ಉಳಿದವನ್ನೂ ಪಕ್ಕಕ್ಕಿಡಿ" ಎನ್ನಿ. ಆಮೇಲೆ ಫೋಟೋ ತರಿಸಿಕೊಳ್ಳಿ, ಲೇಬಲ್ ಮೇಲಿನ ಬ್ಯಾಚ್ ಸಂಖ್ಯೆ ಕೇಳಿ. ಆ ಸಂಖ್ಯೆಯನ್ನು ನಾವು ಅಧಿಕಾರಿಗಳ ಸಲುವಾಗಿ ಹಾಕುತ್ತೇವೆ ಎಂದೇ ನಾನು ತಿಳಿದಿದ್ದೆ.

ಪ್ರತಿ ಬ್ಯಾಚಿನ ಎರಡು ಬಾಟಲಿಗಳನ್ನು ನಮ್ಮಲ್ಲೇ ಉಳಿಸಿಕೊಳ್ಳುತ್ತೇವೆ. ನೀವೂ ಉಳಿಸಿಕೊಳ್ಳಿ. ಅಂದು ಅವುಗಳಲ್ಲಿ ಒಂದನ್ನು ತೆರೆದೆ. ಮೇಲಿನ ಮಿಡಿಯ ತೊಟ್ಟಿನ ಸುತ್ತ ಹಾಲಿನ ಕೆನೆಯಂಥ ಬಿಳಿ ಪೊರೆ. ಮುಚ್ಚಳದ ಒಳಗೆ ಸಾಸಿವೆ ಕಾಳಿನಷ್ಟು ನೀರಿನ ಹನಿಗಳು. ಉಪ್ಪು, ಖಾರ ಎಂದಿನ ಅಳತೆಯಲ್ಲೇ ಬಿದ್ದಿದ್ದವು. ಒಣಗದೇ ಇದ್ದದ್ದು ಬಾಟಲಿ.

ಯಜಮಾನರಾದವರು ಎಡವುವುದು ಇಲ್ಲಿಯೇ. "ಯಾರು ತೊಳೆದದ್ದು?" ಎಂದು ಕೇಳಿದರೆ ಎಂಟು ಮುಖಗಳೂ ನೆಲ ನೋಡುತ್ತವೆ, ಮುಂದಿನ ತಪ್ಪು ನಿಮ್ಮ ಕಿವಿಗೆ ಬೀಳುವುದೇ ಇಲ್ಲ. ನಾನು ಬಾಟಲಿಯನ್ನು ಎಲ್ಲರ ನಡುವೆ ಇಟ್ಟು, "ಆ ದಿನ ಬೆಳಗಿನಿಂದ ಏನೇನಾಯಿತು, ಹೇಳಿ" ಎಂದೆ. ಸ್ವಲ್ಪ ಹೊತ್ತು ಯಾರೂ ಉಸಿರೆತ್ತಲಿಲ್ಲ. ಕೊನೆಗೆ ಎಲ್ಲರಿಗಿಂತ ಚಿಕ್ಕವಳು, "ಅಕ್ಕಾ, ಮಧ್ಯಾಹ್ನ ಮಳೆ ಹನಿಯಿತು. ಬಿಸಿಲಿಗಿಟ್ಟ ಬಾಟಲಿಗಳನ್ನು ಅರ್ಧಕ್ಕೇ ಒಳಗೆ ತಂದೆವು. ಸಂಜೆಗೇ ಗಾಡಿ ಬರುತ್ತದೆ ಎಂದು ನೀವು ಅವಸರ ಮಾಡಿದ್ದಿರಿ" ಎಂದಳು.

ಕೇಳಿಸಿಕೊಳ್ಳಲು ಹಿತವಾಗಿರಲಿಲ್ಲ. ಅವಸರ ಮಾಡಿದವಳು ನಾನೇ ಎಂದು ಅಲ್ಲೇ ಒಪ್ಪಿಕೊಂಡೆ. ಅಂದಿನಿಂದ ಬಾಟಲಿ ಒಣಗಿಲ್ಲವೆಂದರೆ ಗಾಡಿಯನ್ನು ಬರಿದಾಗಿ ಕಳಿಸುವ ಅಧಿಕಾರ ಎಂಟೂ ಜನರಿಗಿದೆ. ಎರಡು ಸಲ ಕಳಿಸಿದ್ದಾರೆ. ಒಮ್ಮೆ ನನಗೆ ಸಿಟ್ಟೂ ಬಂದಿತ್ತು.

ಆ ಬ್ಯಾಚಿನಲ್ಲಿ ಅಂಗಡಿಗಳಿಗೆ ಹೋದದ್ದು 140 ಬಾಟಲಿ, ದೂರು ಬಂದದ್ದು 12ಕ್ಕೆ. ಉಳಿದ ಅಂಗಡಿಗಳಿಗೂ ನಾನೇ ಫೋನ್ ಮಾಡಿ ಮಾಲು ವಾಪಸ್ ತರಿಸಿದೆ. ಮಾರಿಹೋದದ್ದಕ್ಕೆ ಗಿರಾಕಿ ಬಂದರೆ ಹಣ ಕೊಟ್ಟುಬಿಡಿ, ಲೆಕ್ಕ ನನ್ನದು ಎಂದೆ. ಇಂಥ ಫೋನನ್ನು ಬೇರೆಯವರ ಕೈಯಲ್ಲಿ ಮಾಡಿಸಬೇಡಿ.

ಹಾಗೆಂದು ಎಲ್ಲ ದೂರಿಗೂ ತಲೆಬಾಗಬೇಕಿಲ್ಲ. "ಉಪ್ಪು ಹೆಚ್ಚಾಯಿತು" ಎಂದು ವರ್ಷಕ್ಕೆ ನಾಲ್ಕಾರು ಜನ ಹೇಳುತ್ತಾರೆ. ಮಿಡಿಯನ್ನು ಕೆಡದಂತೆ ಕಾಯುವುದೇ ಉಪ್ಪು, ಕಡಿಮೆ ಮಾಡಲಾಗದು ಎಂದು ನಯವಾಗಿ ತಿಳಿಸುತ್ತೇನೆ.

ದೂರಿಗಿಂತ ದೊಡ್ಡ ಪೆಟ್ಟು ಬಿದ್ದದ್ದು ಹೂ ಬಿಟ್ಟ ಹೊತ್ತಿಗೆ ಮಳೆ ಸುರಿದ ವರ್ಷ. ಮಿಡಿಯೇ ಸಿಗಲಿಲ್ಲ. ಬೇರೆ ಮಾವಿನ ಮಿಡಿ ಬೆರೆಸಿ ಎಂದು ಬುದ್ಧಿ ಹೇಳಿದವರಿಗೇನು ಬರವಿರಲಿಲ್ಲ. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಯ, ಅಂದರೆ ಈ ಸೀಮೆಯದೇ ವಿಶಿಷ್ಟ ಬೆಳೆ ಎಂಬ ಸರ್ಕಾರಿ ಗುರುತಿನ, ಮನ್ನಣೆಯಿದೆ. ಅದು ಹಾಗಿರಲಿ, ಮಲೆನಾಡಿನವರು ತೊಟ್ಟು ಮುರಿದು ಮೂಸಿದರೆ ಗುಟ್ಟು ರಟ್ಟು. ಈ ಸಲ ಅರ್ಧ ಮಾಲು ಮಾತ್ರ ಎಂದು ಮಾರ್ಚ್‌ನಲ್ಲೇ ಅಂಗಡಿಗಳಿಗೆ ಹೇಳಿಬಿಟ್ಟೆ. ಹೆಂಗಸರ ಕೂಲಿ ತಪ್ಪಬಾರದೆಂದು ಹಲಸಿನ ಹಪ್ಪಳಕ್ಕೆ ಕೈಹಾಕಿದೆವು. ಲಾಭ ಬರಲಿಲ್ಲ, ಎಂಟು ಜನರೂ ಉಳಿದರು.

ದೂರುಗಳಿಗೆಂದೇ ಒಂದು ರಟ್ಟಿನ ಪುಸ್ತಕವಿದೆ. ತಾರೀಕು, ಬ್ಯಾಚ್, ಅವರು ಹೇಳಿದ್ದು, ನಾವು ಮಾಡಿದ್ದು. ಮೊನ್ನೆ ಬರೆದದ್ದು: ಫ್ರಿಜ್‌ನಲ್ಲಿಟ್ಟರೆ ಲೇಬಲ್ ಕಿತ್ತುಬರುತ್ತದೆ. ಕೊನೆಯ ಕಾಲಂ ಇನ್ನೂ ಖಾಲಿಯಿದೆ; ಸೋಮವಾರ ಪೇಟೆಗೆ ಹೋದಾಗ ಬೇರೆ ಅಂಟು ವಿಚಾರಿಸಬೇಕು.