ಮಹಾಲಕ್ಷ್ಮಿ ರೇಸ್‌ಗೆ ಹೋಗುವ ಮುಂಚೆ: ಯಾವ ಬೆಟ್ ಅಂದರೆ ಏನು?

ಮಹಾಲಕ್ಷ್ಮಿ ಸ್ಟೇಷನ್ನಿನ ಒಂದು ಕಡೆ ಧೋಬಿ ಘಾಟ್, ಇನ್ನೊಂದು ಕಡೆ ರೇಸ್‌ಕೋರ್ಸ್. ಮುಂಬೈಗೆ ಬಂದು ವರ್ಷಗಟ್ಟಲೆ ಅದೇ ಲೋಕಲ್‌ನಲ್ಲಿ ಓಡಾಡಿದ ಎಷ್ಟೋ ಕನ್ನಡಿಗರು ಒಳಗೆ ಒಮ್ಮೆಯೂ ಕಾಲಿಟ್ಟಿರುವುದಿಲ್ಲ. ಊರಿಂದ ಭಾವನೋ ಗೆಳೆಯನೋ ಬಂದಾಗ "ಒಂದ್ಸಲ ರೇಸ್ ನೋಡೋಣ" ಅನ್ನುತ್ತಾರೆ. ಆಗ ಶುರುವಾಗುತ್ತದೆ ಫಜೀತಿ. ಕುದುರೆ ಓಡುವುದು ಎಲ್ಲರಿಗೂ ಅರ್ಥವಾಗುತ್ತದೆ. ಟಿಕೆಟ್ ಕೊಡುವ ಕಿಟಕಿಯ ಮೇಲೆ ಬರೆದಿರುವುದು ಅರ್ಥವಾಗುವುದಿಲ್ಲ.

ಇಲ್ಲಿನ ರೇಸ್ ನಡೆಸುವುದು ರಾಯಲ್ ವೆಸ್ಟರ್ನ್ ಇಂಡಿಯಾ ಟರ್ಫ್ ಕ್ಲಬ್. ಮುಂಬೈ, ಪುಣೆ ಎರಡೂ ಅವರದ್ದೇ. ಮುಂಬೈನಲ್ಲಿ ಸೀಸನ್ ಸುಮಾರು ನವೆಂಬರ್‌ನಿಂದ ಏಪ್ರಿಲ್. ಮಳೆಗಾಲ ಬಂದರೆ ಕುದುರೆಗಳೂ ಟ್ರೇನರ್‌ಗಳೂ ಪುಣೆಗೆ ಹೊರಡುತ್ತಾರೆ, ಕ್ಯಾಂಪ್ ಕಡೆಯ ರೇಸ್‌ಕೋರ್ಸ್‌ನಲ್ಲಿ ಜುಲೈನಿಂದ ರೇಸ್. ಗೋವಾದಲ್ಲಿರುವ ನಮ್ಮವರು ಕೇಳಬೇಡಿ, ಅಲ್ಲಿ ಕ್ಯಾಸಿನೋ ಇದೆ, ರೇಸ್‌ಕೋರ್ಸ್ ಇಲ್ಲ.

ಮೊದಲು ದುಡ್ಡು ಯಾರಿಗೆ ಕೊಡುತ್ತೀರಿ ಅನ್ನುವುದು ಗೊತ್ತಿರಲಿ. ಒಳಗೆ ಎರಡು ದಾರಿ. ಒಂದು ಕ್ಲಬ್ಬಿನದೇ ಆದ ಟೋಟ್. ಇನ್ನೊಂದು, ಲೈಸೆನ್ಸ್ ಪಡೆದ ಬುಕಿಗಳು. ಬುಕಿ ಹತ್ತಿರ ಬೆಟ್ ಕಟ್ಟಿದ ಕ್ಷಣದಲ್ಲಿ ಏನು ಭಾವ (ಅಂದರೆ ದರ) ಇತ್ತೋ ಅದೇ ನಿಮ್ಮ ಭಾವ. 5-2 ಅಂತ ಇದ್ದರೆ 2 ರೂಪಾಯಿಗೆ 5 ಗೆಲುವು, ಅಂದರೆ 100 ರೂಪಾಯಿಗೆ 250, ಜೊತೆಗೆ ನಿಮ್ಮ 100 ವಾಪಸ್. ಆಮೇಲೆ ಆ ಕುದುರೆಗೆ ಎಷ್ಟೇ ಜನ ಮುಗಿಬಿದ್ದರೂ ನಿಮ್ಮ ಲೆಕ್ಕ ಬದಲಾಗುವುದಿಲ್ಲ.

ಟೋಟ್ ಹಾಗಲ್ಲ. 1867ರಲ್ಲಿ ಪ್ಯಾರಿಸ್‌ನ ಜೋಸೆಫ್ ಒಲ್ಲೆರ್ ಶುರು ಮಾಡಿದ ಪದ್ಧತಿ ಇದು. ಎಲ್ಲರ ದುಡ್ಡೂ ಒಂದು ರಾಶಿಗೆ ಬೀಳುತ್ತದೆ. ಚೀಟಿ ನಡೆಸುವವರು ಮೊದಲು ತಮ್ಮ ಕಮಿಷನ್ ಎತ್ತಿಟ್ಟ ಹಾಗೆ, ಕ್ಲಬ್ಬಿನ ಪಾಲು ಮತ್ತು ತೆರಿಗೆ ಮೊದಲೇ ಹೋಗುತ್ತವೆ. ಉಳಿದದ್ದನ್ನು ಗೆದ್ದವರು ಹಂಚಿಕೊಳ್ಳುತ್ತಾರೆ. ಸುಮ್ನೆ ಒಂದು ಲೆಕ್ಕ ಹಾಕೋಣ. ವಿನ್ ರಾಶಿಯಲ್ಲಿ 1 ಲಕ್ಷ ಬಿತ್ತು, ಕಡಿತವೆಲ್ಲ ಸೇರಿ 30,000 ಹೋಯಿತು ಅಂದುಕೊಳ್ಳಿ. ಉಳಿದದ್ದು 70,000. ಗೆದ್ದ ಕುದುರೆಯ ಮೇಲೆ ಜನ ಕಟ್ಟಿದ್ದು 20,000, ಅಂದರೆ 10 ರೂಪಾಯಿಯ 2,000 ಟಿಕೆಟ್. 70,000ವನ್ನು 2,000ದಿಂದ ಭಾಗಿಸಿದರೆ ಟಿಕೆಟ್‌ಗೆ 35 ರೂಪಾಯಿ. ಇದನ್ನೇ ಡಿವಿಡೆಂಡ್ ಅನ್ನುವುದು. ಇದರಲ್ಲಿ ನಿಮ್ಮ 10 ರೂಪಾಯಿಯೂ ಸೇರಿದೆ, ಹಾಗಾಗಿ ನಿಜವಾದ ಲಾಭ 25. ಪೇಪರ್‌ನಲ್ಲಿ ರೇಸ್ ರಿಸಲ್ಟ್ ಪಕ್ಕದಲ್ಲಿ ಬರುವ ಅಂಕಿಗಳೂ ಇದೇ 10 ರೂಪಾಯಿ ಲೆಕ್ಕದವು. ರೇಸ್ ಹೊರಡುವ ತನಕ ಟೋಟ್ ಬೋರ್ಡ್ ಮೇಲಿನ ಅಂಕಿ ಮೇಲೆ ಕೆಳಗೆ ಆಗುತ್ತಲೇ ಇರುತ್ತದೆ. ನೀವು ಟಿಕೆಟ್ ಕೊಂಡಾಗ ನೋಡಿದ ಅಂಕಿ ಸಿಕ್ಕೇ ಸಿಗುತ್ತದೆ ಅಂತ ನಂಬಬೇಡಿ.

ಬೆಟ್‌ಗಳಲ್ಲಿ ಸುಲಭದ್ದು ವಿನ್. ನಿಮ್ಮ ಕುದುರೆ ಮೊದಲು ಬರಬೇಕು, ಅಷ್ಟೇ. ಪ್ಲೇಸ್ ಅಂದರೆ ಮೊದಲ ಕೆಲವು ಸ್ಥಾನಗಳಲ್ಲಿ ಎಲ್ಲಿ ಬಂದರೂ ಸರಿ. ಎಷ್ಟು ಸ್ಥಾನ ಅನ್ನುವುದು ಓಡುವ ಕುದುರೆಗಳ ಸಂಖ್ಯೆ ನೋಡಿ ನಿರ್ಧಾರವಾಗುತ್ತದೆ, ಕಡಿಮೆ ಕುದುರೆ ಇದ್ದರೆ ಎರಡೇ, ಜಾಸ್ತಿ ಇದ್ದರೆ ಮೂರು. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಪ್ಲೇಸ್ ಟಿಕೆಟ್ ತಗೊಳ್ಳಿ ಅಂತ. ಆದರೆ ಎಲ್ಲರೂ ಹಿಂದೆ ಬಿದ್ದಿರುವ ಫೇವರಿಟ್ ಮೇಲೆ ಪ್ಲೇಸ್ ಕಟ್ಟಬೇಡಿ. 10 ರೂಪಾಯಿಗೆ 11 ಬಂದರೆ ಅದೊಂದು ಗೆಲುವಾ?

ಎಡವುವುದು ಎಸ್‌ಎಚ್‌ಪಿ ಅನ್ನುವ ಕಿಟಕಿಯಲ್ಲಿ. ಸೆಕೆಂಡ್ ಹಾರ್ಸ್ ಪೂಲ್. ನಿಮ್ಮ ಕುದುರೆ ಸರಿಯಾಗಿ ಎರಡನೆಯದಾಗಿಯೇ ಬರಬೇಕು. ಗೆದ್ದುಬಿಟ್ಟರೆ ನೀವು ಸೋತಿರಿ! ಇದನ್ನು ಪ್ಲೇಸ್‌ನ ತಮ್ಮ ಅಂತ ತಿಳಿದು ಟಿಕೆಟ್ ಕೊಂಡು, ಕುದುರೆ ಗೆದ್ದಿತು ಅಂತ ಕುಣಿದು, ಆಮೇಲೆ ಕಿಟಕಿಯಲ್ಲಿ ಜಗಳ ಆಡುವವರು ಇದ್ದಾರೆ. ಟಿಎಚ್‌ಪಿ ಇದ್ದರೆ ಅದೂ ಹಾಗೇ, ಮೂರನೆಯ ಸ್ಥಾನಕ್ಕೆ. ಒಂದು ಕುದುರೆ ಪ್ರಬಲವಾಗಿದೆ, ಅದರ ಹಿಂದೆ ಯಾರು ಬರುತ್ತಾರೆ ಅಂತ ನಿಮಗೆ ಗಟ್ಟಿ ಅನ್ನಿಸಿದರೆ ಮಾತ್ರ ಎಸ್‌ಎಚ್‌ಪಿಗೆ ಅರ್ಥ ಇದೆ.

ಎರಡು ಕುದುರೆಗಳನ್ನು ಸೇರಿಸಿ ಆಡುವುದು ಕ್ವಿನೆಲ್ಲಾ ಮತ್ತು ಫೋರ್‌ಕಾಸ್ಟ್. ಕ್ವಿನೆಲ್ಲಾದಲ್ಲಿ ನೀವು ಹೇಳಿದ ಎರಡೂ ಮೊದಲ ಎರಡು ಸ್ಥಾನದಲ್ಲಿ ಬಂದರೆ ಸಾಕು, ಹಿಂದೆ ಮುಂದೆ ಆದರೂ ನಡೆಯುತ್ತದೆ. ಫೋರ್‌ಕಾಸ್ಟ್‌ನಲ್ಲಿ ಯಾವುದು ಮೊದಲು, ಯಾವುದು ಎರಡನೆಯದು ಅಂತ ಸರಿಯಾಗಿ ಹೇಳಬೇಕು. ಮೊದಲ ಮೂರನ್ನೂ ಕ್ರಮವಾಗಿ ಹೇಳಿದರೆ ಅದು ಇಲ್ಲಿ ತನಾಲಾ. ಬೆಂಗಳೂರಿನಲ್ಲಿ ಟ್ರಿನೆಲ್ಲಾ ಅಂತ ಕೇಳಿದ್ದೀರಲ್ಲ, ಅದೇ. ಎಕ್ಸಾಕ್ಟಾ ಮೊದಲ ನಾಲ್ಕಕ್ಕೆ. ಅಮೆರಿಕದಲ್ಲಿ ಇದೇ ಹೆಸರು ಬರೀ ಎರಡು ಕುದುರೆಗೆ, ಅಲ್ಲಿಂದ ಬಂದ ನೆಂಟರಿಗೆ ಮೊದಲೇ ಹೇಳಿಬಿಡಿ.

ಈ ಬೆಟ್‌ಗಳಲ್ಲಿ ಗೆಲುವು ದೊಡ್ಡದಾಗಿ ಕಾಣುತ್ತದೆ. ಯಾಕೆ ದೊಡ್ಡದು ಅಂತ ಲೆಕ್ಕ ಹಾಕಿ ನೋಡಿ. 10 ಕುದುರೆ ಓಡುವ ರೇಸ್‌ನಲ್ಲಿ ಗೆಲ್ಲುವುದು ಯಾವುದು ಅನ್ನುವುದಕ್ಕೆ 10 ಉತ್ತರ. ಕ್ವಿನೆಲ್ಲಾಕ್ಕೆ 45. ಫೋರ್‌ಕಾಸ್ಟ್‌ಗೆ 90. ತನಾಲಾಕ್ಕೆ 720. ಎಕ್ಸಾಕ್ಟಾಕ್ಕೆ 5,040. ಕುದುರೆಯ ವಿಚಾರ ಎಷ್ಟು ಗೊತ್ತಿದ್ದರೂ ಈ ಏಣಿ ಹತ್ತಿದಷ್ಟೂ ನಿಮ್ಮ ತಿಳುವಳಿಕೆ ತೆಳುವಾಗುತ್ತಾ ಹೋಗುತ್ತದೆ.

ಒಂದರ ಬದಲು ಹಲವು ಕುದುರೆ ಸೇರಿಸಿ ಆಡಬಹುದಲ್ಲಾ ಅಂತ ಪಕ್ಕದಲ್ಲಿ ನಿಂತವರು ಕಿವಿಯಲ್ಲಿ ಊದುತ್ತಾರೆ. ಆಡಬಹುದು. ತನಾಲಾದಲ್ಲಿ 4 ಕುದುರೆಗಳನ್ನು ಎಲ್ಲಾ ಕ್ರಮದಲ್ಲೂ ತಗೊಂಡರೆ 24 ಟಿಕೆಟ್ ಆಗುತ್ತದೆ. 10 ರೂಪಾಯಿಯಂತೆ 240. ಇನ್ನೊಂದು ಕುದುರೆ ಇರಲಿ ಅಂತ 5 ಮಾಡಿದಿರಾ? 60 ಟಿಕೆಟ್, 600 ರೂಪಾಯಿ. ಒಂದೇ ಒಂದು ಕುದುರೆ ಜಾಸ್ತಿ ಮಾಡಿದ್ದಕ್ಕೆ 360 ರೂಪಾಯಿ ಜಾಸ್ತಿ. ಆ 60ರಲ್ಲಿ ಮೂರೂ ಕ್ರಮವಾಗಿ ಸರಿ ಇರುವುದು ಒಂದು ಟಿಕೆಟ್ ಮಾತ್ರ. ಆ ದಿನ ಫೇವರಿಟ್‌ಗಳೇ ಸಾಲಾಗಿ ಬಂದರೆ ಡಿವಿಡೆಂಡ್ 200ರ ಆಸುಪಾಸು ಇಳಿದುಬಿಡಬಹುದು. ಆಗ ಗೆದ್ದೂ 400 ರೂಪಾಯಿ ಕಳೆದುಕೊಂಡಿರುತ್ತೀರಿ.

ಜಾಕ್‌ಪಾಟ್‌ನಲ್ಲಿ ಇದೇ ಗುಣಾಕಾರ ಇನ್ನೂ ಜೋರು. ಗೊತ್ತು ಮಾಡಿದ ಐದು ರೇಸ್‌ಗಳಲ್ಲಿ ಗೆಲ್ಲುವ ಐದೂ ಕುದುರೆಗಳನ್ನು ಮೊದಲೇ ಹೇಳಬೇಕು. ಟ್ರೆಬಲ್ ಅಂದರೆ ಮೂರು ರೇಸ್. ಜಾಕ್‌ಪಾಟ್ ರಿಸಲ್ಟ್ ಪಕ್ಕದಲ್ಲಿ 70%, 30% ಅಂತ ನೋಡುತ್ತೀರಿ. ಹಂಚುವ ದುಡ್ಡಿನಲ್ಲಿ 70 ಭಾಗ ಐದೂ ಹೇಳಿದವರಿಗೆ, 30 ಭಾಗ ಒಂದು ತಪ್ಪಿದವರಿಗೆ. ಒಂದೊಂದು ರೇಸ್‌ಗೂ ಒಂದೊಂದೇ ಕುದುರೆ ಹಾಕಿದರೆ ಒಂದೇ ಟಿಕೆಟ್. ಆದರೆ ಯಾರೂ ಹಾಗೆ ಆಡುವುದಿಲ್ಲ. ಮೊದಲ ರೇಸ್‌ಗೆ 2, ಎರಡನೆಯದಕ್ಕೆ 3, ಮೂರನೆಯದಕ್ಕೆ 1, ಆಮೇಲೆ 4, ಕೊನೆಗೆ 2. ಗುಣಿಸಿದರೆ 48 ಟಿಕೆಟ್. ಯಾವ ರೇಸ್‌ಗೆ ಒಂದೇ ಕುದುರೆ ಹಾಕಿದ್ದೀರೋ ಅದೇ ನಿಮ್ಮ ಇಡೀ ಟಿಕೆಟ್‌ನ ಬೆನ್ನೆಲುಬು. ಅದು ಗೆಲ್ಲಲಿಲ್ಲ ಅಂದರೆ ಉಳಿದ ನಾಲ್ಕೂ ಸರಿ ಬಂದರೂ ಸಿಗುವುದು ಆ 30ರ ಪಾಲಿನ ಚೂರು. ಯಾರೂ ಲೆಕ್ಕಕ್ಕೇ ಇಡದ ಕುದುರೆ ಗೆದ್ದಾಗ ಇಲ್ಲಿನವರು "ಫ್ಲೂಕ್ ಆಯಾ" ಅನ್ನುತ್ತಾರೆ. ಜಾಕ್‌ಪಾಟ್‌ನ ದೊಡ್ಡ ಮೊತ್ತಗಳೆಲ್ಲ ಹೀಗೆ ಒಂದೋ ಎರಡೋ ಫ್ಲೂಕ್ ಬಿದ್ದ ದಿನಗಳವು. ಹಾಗಾಗಿ ಎಲ್ಲಾ ಕಡೆ ಫೇವರಿಟ್ ಹಾಕಿ ಜಾಕ್‌ಪಾಟ್ ಆಡುವುದರಲ್ಲಿ ಅರ್ಥ ಕಡಿಮೆ, ಗೆದ್ದರೂ ನಿಮ್ಮಂತೆಯೇ ಹಾಕಿದ ಸಾವಿರ ಜನರ ಜೊತೆ ಹಂಚಿಕೊಳ್ಳಬೇಕು.

ಕಿಟಕಿಯಲ್ಲಿ ಕುದುರೆಯ ಹೆಸರು ಹೇಳಬೇಡಿ, ನಂಬರ್ ಹೇಳಿ. ಎಷ್ಟನೆಯ ರೇಸ್, ಯಾವ ಬೆಟ್, ಯಾವ ನಂಬರ್, ಎಷ್ಟು ದುಡ್ಡು. "ತೀಸ್ರೀ ರೇಸ್, ಪ್ಲೇಸ್, ಛೇ ನಂಬರ್, ಸೌ ರೂಪಾಯ್" ಅಂದರೆ ಮುಗಿಯಿತು. ಟಿಕೆಟ್ ಕೈಗೆ ಬಂದ ತಕ್ಷಣ ಅಲ್ಲೇ ಓದಿಕೊಳ್ಳಿ. ರೇಸ್ ಮುಗಿದ ಮೇಲೆ ಜಾಕಿಗಳು ತೂಕಕ್ಕೆ ನಿಲ್ಲಬೇಕು. ಅಡ್ಡ ಬಂದ ಅಂತ ಯಾರಾದರೂ ಅಬ್ಜೆಕ್ಷನ್ ಹಾಕಿದರೆ ಸ್ಥಾನ ಅದಲುಬದಲಾಗುವುದೂ ಉಂಟು. ಹಾಗಾಗಿ ರಿಸಲ್ಟ್ ಪಕ್ಕಾ ಅಂತ ಘೋಷಣೆ ಆಗುವ ತನಕ ಸಿಟ್ಟಿನಲ್ಲಿ ಟಿಕೆಟ್ ಹರಿದು ಎಸೆಯಬೇಡಿ.

ತೆರಿಗೆಯ ವಿಚಾರ ಬೇಸರದ್ದು, ಆದರೆ ಗೊತ್ತಿರಬೇಕು. ರೇಸ್ ಬೆಟ್ ಮೇಲೆ 28% ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 40% ಆಗಿದೆ. ಅದು ಗೆದ್ದ ಮೊತ್ತದ ಮೇಲಲ್ಲ, ಕಟ್ಟಿದ ಮೊತ್ತದ ಮೇಲೆ, ಅಂದರೆ ಸೋತವರೂ ಕೊಟ್ಟಿರುತ್ತಾರೆ. ಗೆದ್ದರೆ ಆದಾಯ ತೆರಿಗೆ ಬೇರೆ. ಒಂದು ಸಲಕ್ಕೆ 10,000 ರೂಪಾಯಿಗಿಂತ ಜಾಸ್ತಿ ಗೆದ್ದರೆ 30% ಟಿಡಿಎಸ್ ಹಿಡಿದುಕೊಂಡೇ ಕೊಡುತ್ತಾರೆ. ನಿಮ್ಮ ಸ್ಲ್ಯಾಬ್ ಯಾವುದೇ ಇರಲಿ, ಈ ಆದಾಯಕ್ಕೆ ದರ 30%, ಮೇಲೆ ಸೆಸ್. ಬೆಳಗಿನಿಂದ ಸೋತದ್ದನ್ನು ಇದರಲ್ಲಿ ಕಳೆಯಲು ಬಿಡುವುದಿಲ್ಲ. ಇಷ್ಟೆಲ್ಲಾ ಹೋದ ಮೇಲೆ ಇದರಲ್ಲಿ ಸಂಪಾದನೆ ಮಾಡುತ್ತೇನೆ ಅನ್ನುವವರ ಮಾತು ನನಗೆ ನಂಬಿಕೆ ಬರುವುದಿಲ್ಲ. ಸಿನಿಮಾಕ್ಕೆ ಹೋದರೆ ಖರ್ಚು ಮಾಡುವಷ್ಟು ದುಡ್ಡು ಜೇಬಿನಲ್ಲಿಟ್ಟು ಹೋಗಿ, ಕಾರ್ಡ್ ಮನೆಯಲ್ಲಿರಲಿ.

ಇದು ಕಾನೂನು ಪ್ರಕಾರ ಸರಿಯಾ ಅಂತ ಊರಿನ ಹಿರಿಯರು ಕೇಳೇ ಕೇಳುತ್ತಾರೆ. ಕುದುರೆ ರೇಸ್ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ. ಮಹಾರಾಷ್ಟ್ರದಲ್ಲಿ ಇಂದಿಗೂ ನಡೆಯುವುದು 1887ರ ಜೂಜು ತಡೆ ಕಾಯ್ದೆ. ಅದು ಕುದುರೆ ರೇಸ್‌ಗೆ ವಿನಾಯಿತಿ ಕೊಡುತ್ತದೆ, ಆದರೆ ರೇಸ್ ನಡೆಯುವ ದಿನ, ಅದಕ್ಕಂತಲೇ ಗೊತ್ತು ಮಾಡಿದ ಆವರಣದಲ್ಲಿ. ಪಾನ್ ಅಂಗಡಿ ಪಕ್ಕದಲ್ಲಿ ನಿಂತು ಫೋನ್‌ನಲ್ಲಿ ಬೆಟ್ ತಗೊಳ್ಳುವವರು ಈ ವಿನಾಯಿತಿಯ ಒಳಗೆ ಬರುವುದಿಲ್ಲ. ಅವರು ಹೇಳುವ ಭಾವ ಎಷ್ಟೇ ಚೆನ್ನಾಗಿರಲಿ, ಗೆದ್ದ ದಿನ ಫೋನ್ ಎತ್ತದಿದ್ದರೆ ಯಾರ ಹತ್ತಿರ ದೂರು ಹೇಳುತ್ತೀರಿ?

ಫೆಬ್ರವರಿಯ ಮೊದಲ ಭಾನುವಾರ ಸಾಮಾನ್ಯವಾಗಿ ಇಂಡಿಯನ್ ಡರ್ಬಿ. 1943ರಿಂದ ನಡೆಯುತ್ತಿದೆ, ನಾಲ್ಕು ವರ್ಷದ ಕುದುರೆಗಳು, 2,400 ಮೀಟರ್. ಟೋಪಿ, ಸೂಟು, ಫೋಟೋ ಎಲ್ಲಾ ಜೋರಾಗಿರುತ್ತದೆ. ಆದರೆ ಮೊದಲ ಸಲ ಹೋಗುವವರಿಗೆ ಅದು ಸರಿಯಾದ ದಿನ ಅಲ್ಲ. ಜನಜಂಗುಳಿಯಲ್ಲಿ ಕಿಟಕಿ ಮುಟ್ಟುವುದರೊಳಗೆ ರೇಸ್ ಹೊರಟಿರುತ್ತದೆ. ಮಾಮೂಲಿ ಭಾನುವಾರ ಹೋಗಿ. ಪ್ಯಾಡಕ್‌ನಲ್ಲಿ ಕುದುರೆಗಳನ್ನು ಸುತ್ತಿಸುವಾಗ ನೆಮ್ಮದಿಯಾಗಿ ನಿಂತು ನೋಡಬಹುದು. ಸೀಸನ್ ಇಲ್ಲದ ದಿನಗಳಲ್ಲೂ ಬೇರೆ ಊರಿನ ರೇಸ್‌ಗಳು ಇಲ್ಲಿನ ಪರದೆ ಮೇಲೆ ಬರುತ್ತವೆ, ಬೆಟ್ಟೂ ನಡೆಯುತ್ತದೆ. ಬೆಂಗಳೂರು, ಮೈಸೂರಿನ ರೇಸ್ ಇದ್ದ ದಿನ ಅಲ್ಲಿನ ಜಾಕಿ, ಟ್ರೇನರ್‌ಗಳ ಹೆಸರು ಗೊತ್ತಿರುವ ನಮ್ಮವರ ಸುತ್ತ ಗುಜರಾತಿ ಕಾಕಾಗಳು ಟಿಪ್ಸ್ ಕೇಳಿಕೊಂಡು ನಿಂತಿರುತ್ತಾರೆ.