ಫೀನಿಕ್ಸ್‌ನಲ್ಲಿ ಬಿಸಿಲು, ಫ್ಲ್ಯಾಗ್‌ಸ್ಟಾಫ್‌ನಲ್ಲಿ ಹಿಮ: ಏಪ್ರಿಲ್ ಪ್ರಯಾಣಕ್ಕೆ ನಾನು ಕಲಿತ ಲೆಕ್ಕ

ಕೆಲವು ವರ್ಷಗಳ ಹಿಂದೆ ಏಪ್ರಿಲ್‌ನಲ್ಲಿ ಕಡೂರಿನಿಂದ ಅಪ್ಪ, ಅಮ್ಮ ನಾನಿರುವ ಅಮೆರಿಕದ ಅರಿಜೋನಾ ರಾಜ್ಯದ ಮರುಭೂಮಿ ನಗರ ಫೀನಿಕ್ಸ್‌ಗೆ ಬಂದಿದ್ದರು. ಆ ವಾರ ಮನೆಯಲ್ಲಿ ಎಸಿ ಓಡುತ್ತಿತ್ತು. ಹಿಂದಿನ ದಿನ ಜೋರು ಗಾಳಿ ಬೀಸಿ ಊರು ಸ್ವಲ್ಪ ತಂಪಾಗಿತ್ತು, ಅಷ್ಟೇ. ಗ್ರ್ಯಾಂಡ್ ಕ್ಯಾನ್ಯನ್ ನೋಡೋಣ ಅಂತ ಬೆಳಿಗ್ಗೆ ಆರಕ್ಕೇ ಹೊರಟೆವು. ಅಮ್ಮ ಕಾಟನ್ ಸೀರೆ ಉಟ್ಟು ಚಪ್ಪಲಿ ಮೆಟ್ಟಿದ್ದರು. "ಸ್ವೆಟರ್ ಇಟ್ಕೊಳ್ಳಲೇನೋ?" ಎಂದು ಕೇಳಿದರು. "ಬೇಡಮ್ಮ, ಬೇಸಿಗೆ ಬಂತಲ್ಲ" ಎಂದವನು ನಾನೇ.

ಹೊರಟಾಗ ಕಾರಿನ ಡ್ಯಾಶ್‌ಬೋರ್ಡ್ 14 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ಐ-17 ಹೆದ್ದಾರಿ ಏರುತ್ತಾ ಹೋದಂತೆ 11, 9. ದಾರಿಯುದ್ದಕ್ಕೂ ಕೈ ಎತ್ತಿ ನಿಂತಿದ್ದ ಸಗುವಾರೋ ಕಳ್ಳಿಗಳು ಯಾವಾಗ ಮಾಯವಾದವೋ ಗೊತ್ತೇ ಆಗಲಿಲ್ಲ. ಕ್ಯಾಂಪ್ ವರ್ಡೆ ಎಂಬ ಊರು ದಾಟಿದ ಮೇಲೆ ದೊಡ್ಡ ಏರು. ಮೇಲೆ ಹತ್ತುವಷ್ಟರಲ್ಲಿ ಪಾಂಡರೋಸ ಪೈನ್ ಮರಗಳು, ಅವುಗಳ ಬುಡದಲ್ಲಿ ಹಿಮ. ರಾತ್ರಿಯಷ್ಟೇ ಬಿದ್ದದ್ದು. ಡ್ಯಾಶ್‌ಬೋರ್ಡ್‌ನಲ್ಲಿ ಮೈನಸ್ 2.

ಆಗ ಪಕ್ಕದಲ್ಲಿ ಹೋದ ಲಾರಿಯ ಚಕ್ರದಿಂದ ಕೆಸರು ಹಿಮ ರಪ್ಪನೆ ನಮ್ಮ ಗಾಜಿಗೆ ಹೊಡೆಯಿತು. ಆ ಕಡೆ ರಸ್ತೆ ಜಾರದಿರಲಿ ಅಂತ ಜ್ವಾಲಾಮುಖಿಯ ಕಪ್ಪು ಜಲ್ಲಿಪುಡಿ ಹಾಕುತ್ತಾರೆ, ಅದೂ ಸೇರಿಕೊಂಡಿತ್ತು. ಗಾಜು ತೊಳೆಯಲು ನೀರು ಚಿಮ್ಮಿಸಿದೆ. ಫೀನಿಕ್ಸ್‌ನಲ್ಲಿ ನಾನು ತುಂಬಿದ್ದು ಬರೀ ನಲ್ಲಿ ನೀರು. ವೈಪರ್ ಒಂದು ಸಲ ಆಡಿತು, ಗಾಜಿನ ಮೇಲೆ ನೀರು ಬಿಳಿ ಪರದೆಯಂತೆ ಹೆಪ್ಪುಗಟ್ಟಿತು. ಎದುರಿಗೆ ಏನೂ ಕಾಣದು. ಅಪ್ಪ ಪಕ್ಕದ ಕಿಟಕಿ ಇಳಿಸಿ ದಾರಿ ನೋಡಿ ಹೇಳುತ್ತಾ ಹೋದರು, ನಾನು ಮೆಲ್ಲಗೆ ರಸ್ತೆ ಅಂಚಿಗೆ ತಂದು ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಅಮ್ಮ ಸೆರಗು ಬಿಗಿಯಾಗಿ ಹೊದ್ದು ಪಾದ ಎರಡನ್ನೂ ಸೀಟಿನ ಮೇಲೆ ಮಡಚಿಕೊಂಡಿದ್ದರು. ಒಂದು ಮಾತೂ ಆಡಲಿಲ್ಲ. ಅದನ್ನು ಇವತ್ತಿಗೂ ಮರೆತಿಲ್ಲ.

ಆವತ್ತಿನಿಂದ ನಾನು ತಾರೀಕು ನೋಡುವುದನ್ನು ಬಿಟ್ಟೆ, ಎತ್ತರ ನೋಡಲು ಶುರು ಮಾಡಿದೆ. ಫೀನಿಕ್ಸ್ ಸುಮಾರು 1,100 ಅಡಿ ಎತ್ತರದಲ್ಲಿದೆ, ಕ್ಯಾನ್ಯನ್ ದಾರಿಯಲ್ಲಿ ಮೇಲೆ ಸಿಗುವ ಊರು ಫ್ಲ್ಯಾಗ್‌ಸ್ಟಾಫ್ ಸುಮಾರು 6,900 ಅಡಿ. ಮಧ್ಯೆ ಬರೀ 230 ಕಿಲೋಮೀಟರ್. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಈ ಊರಿನ ಬಸ್ ಸ್ಟ್ಯಾಂಡೇ ಎತ್ತರದಲ್ಲಿದೆ ಎಂದರೆ ಅರ್ಥ ಆಗುತ್ತೆ ಅಲ್ವಾ? ಒಣ ಗಾಳಿ ಮೇಲೇರಿದಂತೆ ಹಿಗ್ಗಿ ತಣ್ಣಗಾಗುತ್ತದೆ, 1,000 ಅಡಿಗೆ ಸುಮಾರು 3 ಡಿಗ್ರಿ. ಮೋಡ, ತೇವ ಇದ್ದರೆ ಇಳಿಕೆ ಕಡಿಮೆ, 2 ಡಿಗ್ರಿಯ ಹತ್ತಿರ. ಹಾಗಾಗಿ ಬಿಸಿಲಿನ ಮಧ್ಯಾಹ್ನ ಫೀನಿಕ್ಸ್‌ನ ಉಷ್ಣಾಂಶದಲ್ಲಿ 15–17 ಡಿಗ್ರಿ ಕಳೆದು ಮೇಲಿನ ಊರಿನದನ್ನು ಅಂದಾಜು ಮಾಡುತ್ತೇನೆ. ಈ ಲೆಕ್ಕ ನನಗೆ ಹೆಚ್ಚುಕಡಿಮೆ ಸರಿಯಾಗಿಯೇ ಬಂದಿದೆ.

ಬೆಳಗಿನ ಜಾವಕ್ಕೆ ಮಾತ್ರ ಈ ಲೆಕ್ಕ ನಂಬಬೇಡಿ. ರಾತ್ರಿ ತಣ್ಣನೆ ಗಾಳಿ ಭಾರವಾಗಿ ತಗ್ಗಿಗೆ ಇಳಿದು ಕೂರುತ್ತದೆ. ಕ್ಯಾಂಪ್ ವರ್ಡೆ ಇರುವ ಕಣಿವೆಗೆ ಇಳಿದರೂ ಎಷ್ಟೋ ಸಲ ನನ್ನ ಡ್ಯಾಶ್‌ಬೋರ್ಡ್ ಏರುವುದಿಲ್ಲ, ಇನ್ನೂ ಇಳಿಯುತ್ತದೆ.

ಏಪ್ರಿಲ್ ಬಂದರೂ ಚಳಿಗಾಲ ಯಾಕೆ ಹೋಗುವುದಿಲ್ಲ ಅಂತ ಅಪ್ಪ ಕೇಳಿದ್ದರು. ಬೇಸಿಗೆಗೆ ಮುಂಚೆ ಪೆಸಿಫಿಕ್ ಕಡೆಯಿಂದ ತಣ್ಣನೆ ಗಾಳಿಯ ಸುಳಿಗಳು ಆಗಾಗ ಈ ಕಡೆ ಬರುತ್ತವೆ. ಮರುಭೂಮಿಯಲ್ಲಿ ಅದು ಬರೀ ಧೂಳು, ಗಾಳಿ. ಮೇಲೆ ಅದೇ ಹಿಮ. ಬಿದ್ದ ಹಿಮ ಬಿಸಿಲನ್ನು ವಾಪಸ್ ಎಸೆಯುತ್ತದೆ, ಉಳಿದ ಶಾಖ ಅದನ್ನು ಕರಗಿಸುವುದಕ್ಕೇ ಖರ್ಚಾಗುತ್ತದೆ. ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಂತೂ ಬಿಸಿಲೇ ಸರಿಯಾಗಿ ಬೀಳದು. ಫ್ಲ್ಯಾಗ್‌ಸ್ಟಾಫ್‌ನಲ್ಲಿ ಏಪ್ರಿಲ್ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುವುದು ಮಾಮೂಲು.

ಈಗ ಮೊದಲ ಕೆಲಸ, ಗಾಜು ತೊಳೆಯುವ ನೀರನ್ನು ಖಾಲಿ ಮಾಡಿ ಹೆಪ್ಪುಗಟ್ಟದ ದ್ರಾವಣ ತುಂಬುವುದು. ಫೀನಿಕ್ಸ್ ಅಂಗಡಿಗಳಲ್ಲಿ ಸುಮ್ನೆ ಕೈಗೆ ಸಿಕ್ಕಿದ್ದು ತರಬೇಡಿ, ಎಷ್ಟು ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ ಅಂತ ಬಾಟಲಿ ಮೇಲೆ ಬರೆದಿರುತ್ತದೆ, ಓದಿ. ಚಳಿಗೆ ಟೈರಿನ ಗಾಳಿಯೂ ಇಳಿಯುತ್ತದೆ, ಹೊರಡುವ ಮುಂಚೆ ನೋಡಿಸುತ್ತೇನೆ. ಹವಾಮಾನವನ್ನು ಊರಿನ ಹೆಸರು ಹಾಕಿ ನೋಡುವುದಿಲ್ಲ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ನಕ್ಷೆಯಲ್ಲಿ ನಾವು ಹೋಗುವ ಜಾಗದ ಮೇಲೇ ಒತ್ತಿದರೆ ಆ ಎತ್ತರಕ್ಕೆ ತಕ್ಕ ಮುನ್ಸೂಚನೆ ಸಿಗುತ್ತದೆ. ಹಿಮ ಬಿದ್ದ ಮರುದಿನ ಎತ್ತರದ ರಸ್ತೆಯನ್ನು ಬೆಳಿಗ್ಗೆ ಹತ್ತರ ನಂತರವೇ ಹತ್ತುತ್ತೇನೆ, ಸಂಜೆ ನಾಲ್ಕರೊಳಗೆ ಇಳಿದುಬಿಡುತ್ತೇನೆ. ಹಗಲು ಕರಗಿದ ನೀರು ಕತ್ತಲಾದ ಮೇಲೆ ಕಣ್ಣಿಗೆ ಕಾಣದ ಮಂಜುಗಡ್ಡೆ ಆಗುತ್ತದೆ. ಸೇತುವೆಗಳ ಮೇಲೆ ಮೊದಲು.

ಸ್ವೆಟರ್, ಸಾಕ್ಸ್, ಶೂ ಇರುವ ಚೀಲ ಡಿಕ್ಕಿಗೆ ಹೋಗುವುದಿಲ್ಲ, ಹಿಂದಿನ ಸೀಟಿನಲ್ಲೇ ಇರುತ್ತದೆ. ಹೋದ ಏಪ್ರಿಲ್‌ನಲ್ಲಿ ಅಮ್ಮ ಮತ್ತೆ ಬಂದಿದ್ದರು. ಹೆದ್ದಾರಿ ಪಕ್ಕದಲ್ಲಿ ಎತ್ತರ ಬರೆದ ಫಲಕಗಳನ್ನು ಮೊಮ್ಮಗಳು ಜೋರಾಗಿ ಓದುತ್ತಿದ್ದಳು. "5,000 ಅಡಿ ಅಜ್ಜಿ!" ಎಂದಳು. ನಾನು ಹೇಳುವ ಮೊದಲೇ ಹಿಂದಿನಿಂದ ಚೀಲದ ಜಿಪ್ ಎಳೆದ ಸದ್ದು ಕೇಳಿಸಿತು.